ಅರಿತು ಸಹಿಸುವುದೇ ಸಹನೆ

ಆರೋಗ್ಯವು ಅಲ್ಲಾಹನು ಮನುಷ್ಯನಿಗೆ ದಯಪಾಲಿಸಿರುವ ಮಹಾನ್ ಅನುಗ್ರಹ. ಅದು ಕೈಯಲ್ಲಿರುವಷ್ಟು ಕಾಲ ಅದರ ಬೆಲೆ ನಮಗೆ ತಿಳಿಯುವುದಿಲ್ಲ. ಆರೋಗ್ಯ ಮತ್ತು ಬಿಡುವು ಎಂಬೆರಡು ಅನುಗ್ರಹಗಳ ವಿಷಯದಲ್ಲಿ ಹೆಚ್ಚಿನವರು ನಷ್ಟಕ್ಕೊಳಗಾಗುತ್ತಾರೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ವಯಸ್ಸಾದವರಿಗೆ ಕಾಯಿಲೆ ಬಂದರೆ ಅದನ್ನು ನಾವು ಪ್ರಾಯದ ಸಹಜ ಧರ್ಮವೆಂದು ಒಪ್ಪಿಕೊಳ್ಳುತ್ತೇವೆ. ಆದರೆ ಕಾಲೇಜಿಗೆ ಹೋಗುವ ಮಗನಿಗೋ, ಮದುವೆಯ ಮಾತುಕತೆ ನಡೆಯುತ್ತಿರುವ ಮಗಳಿಗೋ ರಕ್ತದ ಕ್ಯಾನ್ಸರ್ ಇದೆಯೆಂದು ವೈದ್ಯರು ಹೇಳಿದಾಗ ಇಡೀ ಮನೆಯೇ ತತ್ತರಿಸಿ ಹೋಗುತ್ತದೆ.

ಅಂತಹ ಮನೆಯಲ್ಲಿ ಮೊದಲು ಕೇಳಿಬರುವ ಮಾತು ಯಾವುದು? "ಅವನಿಗೆ ಹೇಳಬೇಡಿ." ತಂದೆ ತಾಯಿಗೆ ಹೇಳುತ್ತಾರೆ, ತಾಯಿ ಬಂಧುಗಳಿಗೆ ಹೇಳುತ್ತಾರೆ, ಬಂಧುಗಳು ವೈದ್ಯರ ಬಳಿ ಹೋಗಿ ಬೇಡಿಕೊಳ್ಳುತ್ತಾರೆ. ಕೊನೆಗೆ ಊರಿಗೆಲ್ಲ ಗೊತ್ತಿರುವ ಸಂಗತಿ, ಆ ರೋಗವನ್ನು ತನ್ನ ಮೈಯಲ್ಲೇ ಹೊತ್ತಿರುವ ಒಬ್ಬನಿಗೆ ಮಾತ್ರ ಗೊತ್ತಿರುವುದಿಲ್ಲ. ಇದು ಪ್ರೀತಿಯಿಂದ ಮಾಡುವ ಕೆಲಸ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಇದು ಸರಿಯೇ? ರೋಗಿಯಿಂದ ನಾವು ಸಹನೆಯನ್ನು ಬಯಸುತ್ತೇವೆ. ಯಾವುದನ್ನು ಸಹಿಸಬೇಕೆಂಬುದೇ ತಿಳಿಯದವನು ಸಹನೆ ತೋರುವುದಾದರೂ ಹೇಗೆ?

ರೋಗ ಎಂತಹದು?

ಮೊದಲು ರೋಗವನ್ನು ಅರಿತುಕೊಳ್ಳೋಣ. ನಮ್ಮ ಎಲುಬುಗಳ ಒಳಗೆ ಮೃದುವಾದ ಮಜ್ಜೆಯಿದೆ. ರಕ್ತ ತಯಾರಾಗುವುದು ಅಲ್ಲಿಯೇ. ಪ್ರಾಯದ ಮನುಷ್ಯನ ಮಜ್ಜೆಯಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣಗಳು ಹುಟ್ಟುತ್ತವೆ. ಈ ಸಾಲನ್ನು ಓದಿ ಮುಗಿಸುವಷ್ಟರಲ್ಲಿ ನಮಗರಿವಿಲ್ಲದೆಯೇ ನಮ್ಮೊಳಗೆ ಒಂದು ಕೋಟಿಯಷ್ಟು ಹೊಸ ಕಣಗಳು ಸಿದ್ಧವಾಗಿರುತ್ತವೆ. ಸೃಷ್ಟಿಕರ್ತನ ಈ ವ್ಯವಸ್ಥೆಯ ಕುರಿತು ಚಿಂತಿಸುವವನ ನಾಲಿಗೆ ತಾನಾಗಿಯೇ ಸುಬ್‌ಹಾನಲ್ಲಾಹ್ ಎನ್ನುತ್ತದೆ.

ಕೆಂಪುಕಣಗಳು ಪ್ರಾಣವಾಯುವನ್ನು ಹೊತ್ತು ದೇಹಕ್ಕೆಲ್ಲ ಹಂಚುತ್ತವೆ. ಅವುಗಳ ಆಯುಸ್ಸು ಸುಮಾರು 120 ದಿನ. ಬಿಳಿಕಣಗಳು ರೋಗಾಣುಗಳ ವಿರುದ್ಧ ಕಾವಲು ನಿಲ್ಲುತ್ತವೆ. ಪ್ಲೇಟ್‌ಲೆಟ್ ಎಂಬ ಸಣ್ಣ ಕಣಗಳು ಗಾಯವಾದಲ್ಲಿ ರಕ್ತ ಸೋರದಂತೆ ತಡೆಯುತ್ತವೆ. ಅವು ಬದುಕುವುದು ಹತ್ತು ದಿನದೊಳಗೆ. ಹೀಗೆ ಸಾಯುವ ಕಣಗಳ ಜಾಗಕ್ಕೆ ಹೊಸ ಕಣಗಳು ಲೆಕ್ಕ ತಪ್ಪದೆ ಬರುತ್ತಿರುತ್ತವೆ.

ಮಜ್ಜೆಯ ಒಂದೇ ಒಂದು ಕಣದಲ್ಲಿ ಈ ಲೆಕ್ಕ ತಪ್ಪಿದಾಗ ರೋಗ ಆರಂಭವಾಗುತ್ತದೆ. ಆ ಕಣವು ಪಕ್ವವಾಗದೆ, ಸಕಾಲದಲ್ಲಿ ಸಾಯದೆ, ತನ್ನಂತಹ ಎಳೆಯ ಕಣಗಳನ್ನೇ ಹೆಚ್ಚಿಸುತ್ತಾ ಹೋಗುತ್ತದೆ. ಗದ್ದೆಯಲ್ಲಿ ಕಳೆ ತುಂಬಿಕೊಂಡರೆ ಪೈರಿಗೆ ಜಾಗವೆಲ್ಲಿ? ಕೆಂಪುಕಣಗಳು ಕಡಿಮೆಯಾದಾಗ ಮುಖ ಬಿಳಿಚಿಕೊಳ್ಳುತ್ತದೆ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಪ್ಲೇಟ್‌ಲೆಟ್ ಕಡಿಮೆಯಾದಾಗ ಒಸಡಿನಲ್ಲಿ, ಮೂಗಿನಲ್ಲಿ ರಕ್ತ ಬರುತ್ತದೆ, ಪೆಟ್ಟು ಬೀಳದೆಯೇ ಮೈಮೇಲೆ ನೀಲಿ ಕಲೆಗಳು ಏಳುತ್ತವೆ. ಬಿಳಿಕಣಗಳು ಲೆಕ್ಕದಲ್ಲಿ ಬಹಳವಿರಬಹುದು, ಆದರೆ ಅವು ಕೆಲಸಕ್ಕೆ ಬಾರದವು. ಕಾವಲುಗಾರರ ಗುಂಪು ದೊಡ್ಡದಿದೆ, ಕಾವಲು ಮಾತ್ರ ಇಲ್ಲ. ಆದ್ದರಿಂದಲೇ ಬಿಟ್ಟು ಬಿಟ್ಟು ಜ್ವರ ಬರುತ್ತದೆ. ಎಲುಬು ನೋಯುತ್ತದೆ, ಕೆಲವರಿಗೆ ಕುತ್ತಿಗೆಯಲ್ಲಿ, ಕಂಕುಳಲ್ಲಿ ಗಂಟುಗಳು ಕಾಣಿಸುತ್ತವೆ. ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಚೋ 1847ರಲ್ಲಿ ಈ ರೋಗಕ್ಕೆ ಇಟ್ಟ ಹೆಸರಿನಿಂದ ಲ್ಯುಕೇಮಿಯಾ ಎಂಬ ಪದ ಬಂದಿದೆ. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ ಬಿಳಿ ರಕ್ತ.

ಇದು ಅಂಟುರೋಗವಲ್ಲ. ರೋಗಿಯ ತಟ್ಟೆಯಲ್ಲಿ ಉಂಡರೆ, ಅವನ ಪಕ್ಕದಲ್ಲಿ ಮಲಗಿದರೆ ಬರುವುದಿಲ್ಲ. ಸಾಮಾನ್ಯವಾಗಿ ತಂದೆ ತಾಯಿಯಿಂದ ಮಕ್ಕಳಿಗೆ ಇಳಿದು ಬರುವ ರೋಗವೂ ಅಲ್ಲ. ಅಣುವಿಕಿರಣ, ಬೆಂಜೀನ್‌ನಂತಹ ರಾಸಾಯನಿಕಗಳು ಕೆಲವರಲ್ಲಿ ಕಾರಣವಾಗುತ್ತವೆ. ಹೆಚ್ಚಿನವರಲ್ಲಿ ಇಂತಹದೇ ಕಾರಣವೆಂದು ಬೆರಳು ತೋರಿಸಲು ಸಾಧ್ಯವಾಗುವುದಿಲ್ಲ. ಆದ್ದರಿಂದ ಉಮ್ಮ ಬಸುರಿಯಾಗಿದ್ದಾಗ ಏನೋ ತಿಂದದ್ದಕ್ಕೆ ಹೀಗಾಯಿತು, ಯಾರದೋ ಕಣ್ಣು ಬಿತ್ತು, ಯಾರೋ ಮಾಟ ಮಾಡಿಸಿದರು ಎಂದು ದೂಷಿಸುತ್ತಾ ಕೂರುವುದು ನೊಂದ ಮನೆಗೆ ಇನ್ನೊಂದು ನೋವನ್ನು ಸೇರಿಸಿದಂತೆ.

ಇದೇ ಪಾಪಕ್ಕೆ ಸಿಕ್ಕಿದ ಶಿಕ್ಷೆ ಎಂದು ತೀರ್ಪು ಕೊಡುವವರೂ ನಮ್ಮಲ್ಲಿದ್ದಾರೆ. ಅವರೊಡನೆ ಒಂದು ಪ್ರಶ್ನೆ: ಹ. ಅಯ್ಯೂಬ್(ಅ) ಯಾವ ಪಾಪ ಮಾಡಿದ್ದರು? ಜನರ ಪೈಕಿ ಅತ್ಯಂತ ಕಠಿಣ ಪರೀಕ್ಷೆಗೆ ಒಳಗಾಗುವವರು ಪ್ರವಾದಿಗಳೆಂದು ನಮಗೆ ಕಲಿಸಲಾಗಿದೆ. ವಿಶ್ವಾಸಿಗೆ ಒಂದು ಮುಳ್ಳು ಚುಚ್ಚಿದರೂ ಅದರಿಂದ ಅವನ ಪಾಪಗಳು ಕಳೆಯುತ್ತವೆ ಎಂಬ ಶುಭವಾರ್ತೆಯಿರುವಾಗ, ಹಾಸಿಗೆ ಹಿಡಿದವನ ತಲೆಯ ಮೇಲೆ ಪಾಪದ ಗಂಟು ಹೊರಿಸಲು ನಾವು ಯಾರು?

ಹೆಸರು ತಿಳಿಸದ ರೋಗ

ಜಪಾನಿನ ಹಿರೋಶಿಮಾದ ಮೇಲೆ 1945ರ ಆಗಸ್ಟ್ 6ರಂದು ಅಣುಬಾಂಬು ಬಿದ್ದಾಗ ಅಲ್ಲಿ ಸಡಾಕೊ ಸಸಾಕಿ ಎಂಬ ಎರಡು ವರ್ಷದ ಮಗುವಿತ್ತು. ಮೈಮೇಲೆ ಗಾಯವೇನೂ ಆಗಲಿಲ್ಲ. ಆಕೆ ಬೆಳೆದಳು, ಶಾಲೆಯ ಓಟದ ಸ್ಪರ್ಧೆಗಳಲ್ಲಿ ಓಡಿದಳು. ಒಂಬತ್ತು ವರ್ಷ ಕಳೆದ ಮೇಲೆ ಕುತ್ತಿಗೆಯಲ್ಲಿ ಗಂಟುಗಳು ಕಾಣಿಸಿಕೊಂಡವು. 1955ರ ಫೆಬ್ರವರಿಯಲ್ಲಿ ಆಸ್ಪತ್ರೆಗೆ ಸೇರಿಸಲಾಯಿತು. ರೋಗ ಲ್ಯುಕೇಮಿಯಾ ಆಗಿತ್ತು. ಅದರ ಹೆಸರನ್ನು ಆ ಹನ್ನೆರಡರ ಬಾಲಕಿಗೆ ತಿಳಿಸಲಿಲ್ಲ.

ಆಸ್ಪತ್ರೆಯಲ್ಲಿ ಆಕೆ ಕಾಗದದ ಕೊಕ್ಕರೆಗಳನ್ನು ಮಡಚುತ್ತಿದ್ದಳು. ಸಾವಿರ ಕೊಕ್ಕರೆ ಮಾಡಿದರೆ ಬಯಕೆ ಈಡೇರುತ್ತದೆಂಬ ನಂಬಿಕೆ ಅಲ್ಲಿಯ ಜನರಲ್ಲಿತ್ತು. ಆ ಕಥೆ ಜಗತ್ತಿಗೆಲ್ಲ ಗೊತ್ತು. ಆದರೆ ಹೆಚ್ಚು ಜನರಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿಯಿದೆ. ಆಕೆ ತನ್ನ ರಕ್ತಪರೀಕ್ಷೆಯ ಅಂಕಿಗಳನ್ನು ಗುಟ್ಟಾಗಿ ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದಳು. 1955ರ ಅಕ್ಟೋಬರ್ 25ರಂದು ಆಕೆ ತೀರಿಹೋದ ಬಳಿಕ ಆ ಬರಹ ದೊರೆಯಿತು.

ಸ್ವಲ್ಪ ಯೋಚಿಸಿ. ಹಿರಿಯರು ಪ್ರೀತಿಯಿಂದಲೇ ಮರೆಮಾಚಿದ್ದರು. ಮಗು ಹಿರಿಯರ ಮನಸ್ಸಿಗೆ ನೋವಾಗದಿರಲೆಂದು ತನಗೆ ತಿಳಿದದ್ದನ್ನು ಮರೆಮಾಚಿತು. ಎರಡೂ ಕಡೆ ಪ್ರೀತಿಯೇ ಇತ್ತು, ನಡುವೆ ಒಂದು ಗೋಡೆಯೂ ಇತ್ತು. ಆ ಗೋಡೆಯ ಆಚೆ ಒಂದು ಎಳೆಯ ಜೀವ ಒಂಟಿಯಾಗಿ ಅಂಕಿಗಳನ್ನು ಕೂಡಿಸಿ ಕಳೆಯುತ್ತಿತ್ತು. ರೋಗಿಗೆ ಹೇಳದಿದ್ದರೆ ರೋಗಿಗೆ ತಿಳಿಯುವುದಿಲ್ಲ ಎಂದು ಭಾವಿಸುವವರು ಈ ಕಾಗದವನ್ನು ನೆನಪಿಟ್ಟುಕೊಳ್ಳಬೇಕು. ಅವರಿಗೆ ತಿಳಿದೇ ತಿಳಿಯುತ್ತದೆ. ಹೇಳದಿರುವುದರಿಂದ ಆಗುವುದಿಷ್ಟೇ, ಅವರು ಒಂಟಿಯಾಗುತ್ತಾರೆ.

ಒಬ್ಬ ಯುವಕನ ಪ್ರಶ್ನೆ

ನಮ್ಮ ಮದ್ರಸದಲ್ಲಿ ಕಲಿತು ಹೋದ ಒಬ್ಬ ಯುವಕನಿಗೆ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಇದೇ ರೋಗ ಬಂತು. ತಂದೆ ಆಟೋರಿಕ್ಷಾ ಓಡಿಸುವವರು. ಮನೆಯವರು ಅವನಿಗೆ ರಕ್ತ ಕಡಿಮೆಯಾಗಿದೆ ಎಂದಷ್ಟೇ ಹೇಳಿದ್ದರು. ಎರಡು ತಿಂಗಳ ಚಿಕಿತ್ಸೆಯಾದ ಮೇಲೆ ಜ್ವರ ನಿಂತಿತು, ಊಟ ರುಚಿಸತೊಡಗಿತು. ಆಗ ಅವನು ಇನ್ನು ಆಸ್ಪತ್ರೆಗೆ ಬರುವುದಿಲ್ಲವೆಂದು ಹಟ ಹಿಡಿದ. ಅವನ ಲೆಕ್ಕ ಸರಿಯಾಗಿಯೇ ಇತ್ತು. ರಕ್ತ ಕಡಿಮೆಯಿತ್ತು, ಈಗ ಸರಿಯಾಗಿದೆ. ಮತ್ತೇಕೆ ಈ ಸೂಜಿ, ಈ ವಾಂತಿ? ಮತ್ತೇಕೆ ಉಮ್ಮನ ಚಿನ್ನ ಅಡವಿಡಬೇಕು?

ನಾನು ನೋಡಲು ಹೋಗಿದ್ದಾಗ ತಂದೆ ಹೊರಗೆ ಹೋದ ಸಮಯ ನೋಡಿ ಅವನು ಕೇಳಿದ, "ಉಸ್ತಾದ್, ನನಗೇನಾಗಿದೆ ಎಂಬುದು ಊರಿಗೆಲ್ಲ ಗೊತ್ತಿದೆ. ನನಗೊಬ್ಬನಿಗೆ ಯಾಕೆ ಹೇಳುವುದಿಲ್ಲ?"

ತಂದೆಯೊಡನೆ ಮಾತನಾಡಿದೆ. "ಹೇಳಿದರೆ ಅವನ ಧೈರ್ಯ ಹೋಗುತ್ತದೆ ಉಸ್ತಾದರೇ" ಎಂದರು. ಅವನು ಪ್ರಾಯಪೂರ್ತಿಯಾದವನು. ಅವನ ನಮಾಝ್, ಉಪವಾಸ, ಸತ್ಕರ್ಮ, ದುಷ್ಕರ್ಮಗಳ ಲೆಕ್ಕವನ್ನು ಅಲ್ಲಾಹನು ಅವನ ಹೆಸರಿನಲ್ಲೇ ಬರೆಸುತ್ತಿದ್ದಾನೆ. ಪರಲೋಕದ ಹೊಣೆಯನ್ನು ಹೊರಬಲ್ಲವನು ತನ್ನ ದೇಹದ ವಾರ್ತೆಯನ್ನು ಹೊರಲಾರನೇ ಎಂದು ಕೇಳಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಮರುವಾರ ವೈದ್ಯರೇ ಅವನಿಗೆ ಎಲ್ಲವನ್ನೂ ವಿವರಿಸಿದರು. ತಂದೆ ಅವನ ಕೈ ಹಿಡಿದುಕೊಂಡು ಕುಳಿತಿದ್ದರು. ರೋಗದ ಹೆಸರು, ಚಿಕಿತ್ಸೆಯ ಅವಧಿ, ಗುಣವಾಗುವ ಸಾಧ್ಯತೆ, ಅಪಾಯ ಎಲ್ಲವನ್ನೂ ಕೇಳಿದ ಮೇಲೆ ಅವನು ಅಂದದ್ದು ಒಂದೇ ಮಾತು: "ಇಷ್ಟು ದಿನ ಉಮ್ಮ ಒಬ್ಬರೇ ಅಡುಗೆಮನೆಯಲ್ಲಿ ಅಳುತ್ತಿದ್ದರಲ್ಲ."

ಆ ಬಳಿಕ ಆಸ್ಪತ್ರೆಗೆ ಹೊರಡುವ ದಿನವನ್ನು ಮನೆಯಲ್ಲಿ ಮೊದಲು ನೆನಪಿಸುವವನು ಅವನೇ ಆದ. ಅವನ ಚಿಕಿತ್ಸೆ ಇನ್ನೂ ಮುಗಿದಿಲ್ಲ. ಫಲಿತಾಂಶ ಅಲ್ಲಾಹನ ಕೈಯಲ್ಲಿದೆ. ಆದರೆ ಅವನ ಸಹನೆ ಈಗ ಕುರುಡಲ್ಲ.

ಪ್ರವಾದಿವರ್ಯರ(ಸ) ಮಾದರಿ

ಈ ವಿಷಯದಲ್ಲಿ ನಮಗೆ ಮಾರ್ಗದರ್ಶನವಿಲ್ಲವೇ? ಖಂಡಿತ ಇದೆ. ಪ್ರವಾದಿವರ್ಯರು(ಸ) ತಮ್ಮ ಕೊನೆಯ ಕಾಯಿಲೆಯ ಸಂದರ್ಭದಲ್ಲಿ ಪ್ರಿಯಪುತ್ರಿ ಫಾತಿಮಾರನ್ನು(ರ) ಹತ್ತಿರ ಕರೆದು ಕಿವಿಯಲ್ಲಿ ಏನನ್ನೋ ಹೇಳಿದರು. ಅವರು ಅತ್ತುಬಿಟ್ಟರು. ಮತ್ತೊಮ್ಮೆ ಕರೆದು ಇನ್ನೇನನ್ನೋ ಹೇಳಿದರು. ಅವರು ನಕ್ಕರು. ಮೊದಲ ಸಲ ಹೇಳಿದ್ದು, ಈ ಕಾಯಿಲೆಯಲ್ಲಿ ತಾನು ಅಗಲಲಿದ್ದೇನೆ ಎಂದು. ಎರಡನೆಯ ಸಲ ಹೇಳಿದ್ದು, ತನ್ನ ಕುಟುಂಬದವರ ಪೈಕಿ ಮೊದಲು ತನ್ನನ್ನು ಬಂದು ಸೇರುವವಳು ನೀನೇ ಎಂದು. ಮಗಳ ಕಣ್ಣೀರಿಗೆ ಹೆದರಿ ಅವರು ಸತ್ಯವನ್ನು ಮುಚ್ಚಿಡಲಿಲ್ಲ, ಸತ್ಯವನ್ನು ಹೇಳಿ ಮಗಳನ್ನು ಕಣ್ಣೀರಿನಲ್ಲೇ ಬಿಟ್ಟುಬಿಡಲೂ ಇಲ್ಲ. ಹತ್ತಿರ ಕರೆದರು, ಮೆಲ್ಲನೆ ಹೇಳಿದರು, ಅಳಲು ಬಿಟ್ಟರು, ಅನಂತರ ಸಾಂತ್ವನ ನೀಡಿದರು. ಕೆಟ್ಟ ಸುದ್ದಿಯನ್ನು ಹೇಗೆ ಹೇಳಬೇಕೆಂದು ಕೇಳುವವರಿಗೆ ಇದಕ್ಕಿಂತ ಉತ್ತಮ ಮಾದರಿ ಎಲ್ಲಿದೆ?

ಅಪಸ್ಮಾರದಿಂದ ಬಳಲುತ್ತಿದ್ದ ಒಬ್ಬ ಸ್ತ್ರೀ ಪ್ರವಾದಿವರ್ಯರ(ಸ) ಬಳಿಗೆ ಬಂದು ತನಗಾಗಿ ಪ್ರಾರ್ಥಿಸಬೇಕೆಂದು ಕೇಳಿಕೊಂಡರು. ಸಹಿಸಿಕೊಂಡರೆ ಸ್ವರ್ಗವಿದೆ, ಬಯಸಿದರೆ ಗುಣವಾಗಲು ಪ್ರಾರ್ಥಿಸುತ್ತೇನೆ ಎಂದು ಅವರು ಎರಡು ದಾರಿಗಳನ್ನು ಮುಂದಿಟ್ಟರು. ಆ ಮಹಿಳೆ ಸಹನೆಯನ್ನು ಆರಿಸಿಕೊಂಡರು, ರೋಗ ಬಂದಾಗ ಮೈಮೇಲಿನ ಬಟ್ಟೆ ಸರಿಯದಂತೆ ಮಾತ್ರ ಪ್ರಾರ್ಥಿಸಲು ಕೋರಿದರು. ಇದು ಮದ್ದು ಬಿಡಲು ಪುರಾವೆಯಲ್ಲ. ಮದ್ದು ಮಾಡಿಕೊಳ್ಳಿರೆಂದು ಪ್ರವಾದಿವರ್ಯರೇ(ಸ) ಆಜ್ಞಾಪಿಸಿದ್ದಾರೆ. ಇಲ್ಲಿ ಗಮನಿಸಬೇಕಾದುದು ಬೇರೆ. ರೋಗಿಯ ಅಣ್ಣನನ್ನೋ ಪತಿಯನ್ನೋ ಕರೆದು ತೀರ್ಮಾನಿಸಲಿಲ್ಲ. ರೋಗಿಯೊಡನೆಯೇ ಮಾತನಾಡಿದರು, ರೋಗಿಯೇ ಆರಿಸಿಕೊಂಡರು.

ಇನ್ನೊಂದು ಘಟನೆಯಿದೆ. ಪ್ರಯಾಣದಲ್ಲಿ ಒಬ್ಬರ ತಲೆಗೆ ಕಲ್ಲು ಬಡಿದು ಗಾಯವಾಯಿತು. ಆ ರಾತ್ರಿ ಅವರಿಗೆ ಸ್ನಾನ ಕಡ್ಡಾಯವಾಯಿತು. ತಯಮ್ಮುಮ್‌ಗೆ ಅವಕಾಶವಿದೆಯೇ ಎಂದು ಸಂಗಡಿಗರನ್ನು ಕೇಳಿದರು. ನೀರಿರುವಾಗ ಅವಕಾಶವಿಲ್ಲವೆಂದು ಅವರು ತೀರ್ಪಿತ್ತರು. ಸ್ನಾನ ಮಾಡಿದ ಆ ಗಾಯಾಳು ಮರಣ ಹೊಂದಿದರು. ಸುದ್ದಿ ತಿಳಿದ ಪ್ರವಾದಿವರ್ಯರು(ಸ) ತೀವ್ರವಾಗಿ ಕೋಪಗೊಂಡರು. ಅವರೇ ಆತನನ್ನು ಕೊಂದರೆಂದು ಹೇಳಿ, ಅಜ್ಞಾನಕ್ಕೆ ಮದ್ದು ಕೇಳಿ ತಿಳಿದುಕೊಳ್ಳುವುದೇ ಆಗಿದೆಯೆಂದು ಕಲಿಸಿದರು. ತಿಳಿಯದೆ ಕೊಟ್ಟ ತೀರ್ಪು ಒಬ್ಬ ರೋಗಿಯ ಪ್ರಾಣಕ್ಕೆ ಎರವಾಗಬಲ್ಲದು ಎಂಬ ಈ ಪಾಠ ಉಸ್ತಾದರುಗಳಿಗೂ ಅನ್ವಯಿಸುತ್ತದೆ, ಮನೆಯ ಹಿರಿಯರಿಗೂ ಅನ್ವಯಿಸುತ್ತದೆ.

ಹಿತ್ತಲ ಗಿಡವೂ ಮದ್ದಾಯಿತು

ಮರಣವಿಲ್ಲದ ರೋಗ ಯಾವುದು, ವಿಧಿಯಲ್ಲಿದ್ದಂತೆ ಆಗುತ್ತದೆ, ಇಷ್ಟೆಲ್ಲ ಖರ್ಚು ಏಕೆ ಎನ್ನುವವರಿದ್ದಾರೆ. ಶಾಮ್ ದೇಶದಲ್ಲಿ ಪ್ಲೇಗ್ ಹರಡಿದೆಯೆಂದು ತಿಳಿದು ಹ. ಉಮರ್(ರ) ದಾರಿಯಿಂದಲೇ ಹಿಂದಿರುಗಲು ನಿರ್ಧರಿಸಿದಾಗ, ಅಲ್ಲಾಹನ ವಿಧಿಯಿಂದ ಓಡುತ್ತಿದ್ದೀರಾ ಎಂದು ಹ. ಅಬೂ ಉಬೈದಾ(ರ) ಕೇಳಿದರು. ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆಂದು ಅವರು ಉತ್ತರಿಸಿದರು. ರೋಗ ವಿಧಿಯಾದರೆ ಮದ್ದೂ ವಿಧಿಯೇ. ಹ. ಅಯ್ಯೂಬ್(ಅ) ವರ್ಷಗಟ್ಟಲೆ ಸಹಿಸಿ ಪ್ರಾರ್ಥಿಸಿದ ಬಳಿಕ ಅಲ್ಲಾಹನು ಬರಿಯ ಆಜ್ಞೆಯಿಂದಲೇ ಗುಣಪಡಿಸಬಹುದಿತ್ತು. ಆದರೆ ಕಾಲಿನಿಂದ ನೆಲಕ್ಕೆ ಬಡಿಯಲು ಹೇಳಿದನು, ಚಿಮ್ಮಿದ ನೀರಿನಲ್ಲಿ ಮೀಯಲು, ಅದನ್ನು ಕುಡಿಯಲು ಕೊಟ್ಟನು. ಸಹನೆಯ ಮಾದರಿಯಾದ ಆ ಪ್ರವಾದಿಯೂ ತಮ್ಮ ಕಾಲನ್ನು ಎತ್ತಿ ಬಡಿಯಬೇಕಾಯಿತು.

ಪ್ರತಿಯೊಂದು ರೋಗಕ್ಕೂ ಅಲ್ಲಾಹನು ಮದ್ದನ್ನು ಇಳಿಸಿದ್ದಾನೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಅದನ್ನು ಹುಡುಕುವುದು ಮನುಷ್ಯರ ಕೆಲಸ. ಸಡಾಕೊ ತೀರಿಹೋದ ಕಾಲದಲ್ಲಿ ಈ ರೋಗ ಬಂದ ಮಕ್ಕಳು ಬದುಕುಳಿಯುತ್ತಿರಲಿಲ್ಲವೆಂದೇ ಹೇಳಬಹುದು. ಆದರೆ ಹುಡುಕಾಟ ಆಗಲೇ ಆರಂಭವಾಗಿತ್ತು. ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದಲ್ಲಿ ತಮ್ಮ ತಂಡದೊಡನೆ ಅಮಿನೊಪ್ಟೆರಿನ್ ಎಂಬ ಮದ್ದನ್ನು ತಯಾರಿಸಿದರು. ಬೋಸ್ಟನ್ ನಗರದ ವೈದ್ಯ ಸಿಡ್ನಿ ಫಾರ್ಬರ್ ಅದನ್ನು ಲ್ಯುಕೇಮಿಯಾ ಪೀಡಿತ 16 ಮಕ್ಕಳಿಗೆ ಕೊಟ್ಟು, 10 ಮಕ್ಕಳಲ್ಲಿ ರೋಗ ಕೆಲಕಾಲ ಹಿಮ್ಮೆಟ್ಟಿತೆಂದು 1948ರಲ್ಲಿ ವರದಿ ಮಾಡಿದರು. ಅದೇ ಬಗೆಯ ಮೆಥೊಟ್ರೆಕ್ಸೇಟ್ ಎಂಬ ಮದ್ದನ್ನು ಇಂದಿಗೂ ಈ ರೋಗಿಗಳು ಸೇವಿಸುತ್ತಾರೆ.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮಲ್ಲಿದೆ. ಮನೆಯಂಗಳದಲ್ಲೂ ಖಬರಸ್ತಾನದ ಬದಿಯಲ್ಲೂ ಯಾರೂ ನೆಡದೆ ಬೆಳೆದು ವರ್ಷವಿಡೀ ಹೂ ಬಿಡುವ ನಿತ್ಯಪುಷ್ಪ ಎಲ್ಲರಿಗೂ ಗೊತ್ತು. ಕೆಲವೆಡೆ ಕಾಶಿ ಕಣಗಲೆ ಎನ್ನುತ್ತಾರೆ. ಅದರ ಎಲೆಯಿಂದ ಬೇರ್ಪಡಿಸಿದ ವಿನ್‌ಕ್ರಿಸ್ಟಿನ್ 1960ರ ದಶಕದಿಂದ ಲ್ಯುಕೇಮಿಯಾದ ಪ್ರಮುಖ ಮದ್ದುಗಳಲ್ಲಿ ಒಂದು. ಗೋರಿಗಳ ನಡುವೆ ಅರಳುವ ಹೂವಿನ ಗಿಡದಲ್ಲಿ ಮಕ್ಕಳನ್ನು ಗೋರಿಯಿಂದ ದೂರವಿಡುವ ಮದ್ದನ್ನು ಇಟ್ಟವನು ಯಾರು? ಹಾಗೆಂದು ಅದರ ಎಲೆಯನ್ನು ಅರೆದು ಕುಡಿಸಬೇಡಿ, ಅದು ವಿಷ. ರಾಶಿ ರಾಶಿ ಎಲೆಯಿಂದ ತೆಗೆದ ಅತ್ಯಲ್ಪ ಸಾರವನ್ನು ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು ರಕ್ತನಾಳಕ್ಕೆ ಕೊಡುವಾಗ ಮಾತ್ರ ಅದು ಮದ್ದು.

ಹೀಗೆ ಹಲವು ಮದ್ದುಗಳನ್ನು ಒಗ್ಗೂಡಿಸಿ ಕೊಡುವ ಕ್ರಮ ಬೆಳೆದು, ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಬಗೆಯ ಲ್ಯುಕೇಮಿಯಾದಲ್ಲಿ ಸೌಲಭ್ಯವುಳ್ಳ ದೇಶಗಳಲ್ಲಿ ಇಂದು ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ಬದುಕುತ್ತಾರೆ. ದೀರ್ಘಕಾಲಿಕವಾದ ಇನ್ನೊಂದು ಬಗೆಗೆ 2001ರಲ್ಲಿ ಇಮಾಟಿನಿಬ್ ಎಂಬ ಮಾತ್ರೆ ಬಂತು. ದಿನವೂ ಮಾತ್ರೆ ನುಂಗುತ್ತಾ ಓದು, ಉದ್ಯೋಗ, ಸಂಸಾರ ನಡೆಸುತ್ತಿರುವವರು ಬಹಳಷ್ಟಿದ್ದಾರೆ. ಅದರ ಪೇಟೆಂಟ್ ಬೇಡಿಕೆಯನ್ನು ನಮ್ಮ ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತಳ್ಳಿಹಾಕಿದ್ದರಿಂದ ಕಡಿಮೆ ಬೆಲೆಯ ಮಾತ್ರೆಗಳಿಗೆ ದಾರಿ ತೆರೆದೇ ಉಳಿಯಿತು. ಎಲ್ಲ ಬಗೆಗಳೂ ಇಷ್ಟು ಸುಲಭವಾಗಿ ಬಗ್ಗುವುದಿಲ್ಲ, ಯುವಕರಲ್ಲಿ ಚಿಕ್ಕ ಮಕ್ಕಳಿಗಿಂತ ಚಿಕಿತ್ಸೆ ಕಷ್ಟ ಎಂಬುದೂ ನಿಜ. ಆದ್ದರಿಂದಲೇ ತನ್ನದು ಯಾವ ಬಗೆ ಎಂಬುದನ್ನು ರೋಗಿಯೇ ವೈದ್ಯರಿಂದ ಕೇಳಿ ತಿಳಿದುಕೊಳ್ಳಬೇಕು.

ಅರ್ಧದಲ್ಲಿ ಬಿಡಬೇಡಿ

ಮಕ್ಕಳಲ್ಲಿ ಮತ್ತು ಹದಿಹರೆಯದವರಲ್ಲಿ ಹೆಚ್ಚಾಗಿ ಕಾಣುವ ಬಗೆಗೆ ಎರಡರಿಂದ ಮೂರು ವರ್ಷ ಚಿಕಿತ್ಸೆ ಬೇಕು. ಮೊದಲ ತಿಂಗಳಲ್ಲೇ ರಕ್ತಪರೀಕ್ಷೆ ಚೆನ್ನಾಗಿ ಬರಬಹುದು. ಆದರೆ ಸೂಕ್ಷ್ಮದರ್ಶಕಕ್ಕೂ ಕಾಣದಂತೆ ರೋಗದ ಕಣಗಳು ಕೋಟಿಗಟ್ಟಲೆ ಉಳಿದಿರುತ್ತವೆ. ಕಳೆಯನ್ನು ಕತ್ತರಿಸಿ ಬೇರನ್ನು ಬಿಟ್ಟರೆ ಏನಾಗುತ್ತದೆಂದು ರೈತನಿಗೆ ಹೇಳಿಕೊಡಬೇಕಾಗಿಲ್ಲ. ನಮ್ಮ ದೇಶದಲ್ಲಿ ಉಳಿಯಬಹುದಾದ ಜೀವಗಳು ಹೋಗುತ್ತಿರುವುದಕ್ಕೆ ದೊಡ್ಡ ಕಾರಣಗಳಲ್ಲಿ ಒಂದು, ಗುಣವಾಯಿತೆಂದು ಅಥವಾ ಹಣ ಮುಗಿಯಿತೆಂದು ಚಿಕಿತ್ಸೆಯನ್ನು ಮಧ್ಯದಲ್ಲಿ ನಿಲ್ಲಿಸುವುದು. ಆ ಹಂತದಲ್ಲೇ ಕೆಲವರು ನೀರು ಊದಿ ಕೊಡುತ್ತೇವೆ, ತಾಯಿತ ಕಟ್ಟುತ್ತೇವೆ, ಆಸ್ಪತ್ರೆಯ ಮದ್ದನ್ನು ಬಿಡಿ ಎಂದು ಹೇಳಿ ಹಣ ಕೀಳುತ್ತಾರೆ. ಕುರ್‌ಆನ್ ಪಾರಾಯಣ ಮಾಡಿ, ಪ್ರಾರ್ಥಿಸಿ, ಝಮ್‌ಝಮ್ ಕುಡಿಸುವುದಿದ್ದರೂ ವೈದ್ಯರಿಗೆ ತಿಳಿಸಿ ಕುಡಿಸಿ. ಆದರೆ ಮದ್ದು ಬಿಡಿ ಎನ್ನುವವನ ನೆರಳನ್ನೂ ಮನೆಯೊಳಗೆ ಬಿಡಬೇಡಿ.

ಕೂದಲು ಉದುರುವುದರ ಬಗ್ಗೆ, ವಿಶೇಷವಾಗಿ ಹೆಣ್ಣುಮಕ್ಕಳು ಬಹಳ ನೋಯುತ್ತಾರೆ. ಬೇಗ ಬೇಗ ಬೆಳೆಯುವ ಕಣಗಳನ್ನು ಮದ್ದು ಕೊಲ್ಲುತ್ತದೆ. ಕೂದಲಿನ ಬುಡದ ಕಣಗಳೂ ಅಂತಹವೇ ಆದ್ದರಿಂದ ಅವು ಉದುರುತ್ತವೆ, ಮದ್ದು ಮುಗಿದ ಮೇಲೆ ಸಾಮಾನ್ಯವಾಗಿ ಮತ್ತೆ ಬೆಳೆಯುತ್ತವೆ. ಮುಂದೆ ಮಕ್ಕಳಾಗುವ ಸಾಮರ್ಥ್ಯದ ಮೇಲೆ ಕೆಲವು ಮದ್ದುಗಳು ಪರಿಣಾಮ ಬೀರಬಹುದು. ನಾಚಿಕೊಳ್ಳದೆ ಚಿಕಿತ್ಸೆಗೆ ಮೊದಲೇ ವೈದ್ಯರನ್ನು ಕೇಳಿ. ಕಲಿಯುವ ವಿಷಯದಲ್ಲಿ ಅನ್ಸಾರ್ ಮಹಿಳೆಯರಿಗೆ ನಾಚಿಕೆ ಅಡ್ಡಿಯಾಗಲಿಲ್ಲವೆಂದು ಹ. ಆಯಿಶಾ(ರ) ಅವರನ್ನು ಹೊಗಳಿದ್ದಾರೆ.

ಯುವಕ ಯುವತಿಯರೇ, ನಿಮ್ಮ ಆರಾಧನೆಯ ಬಗ್ಗೆ ಒಂದು ಮಾತು. ರಮಝಾನ್ ಬಂದಾಗ ಉಪವಾಸ ಬಿಡಬೇಕಾಗಿ ಬಂತೆಂದು ನೀವು ಕೊರಗುತ್ತೀರಿ. ರೋಗಿಗೆ ರಿಯಾಯಿತಿ ಕೊಟ್ಟವನು ಸ್ವತಃ ಅಲ್ಲಾಹನು. ಗುಣವಾದ ಮೇಲೆ ಆ ದಿನಗಳನ್ನು ಪೂರ್ತಿಗೊಳಿಸಬಹುದು, ಗುಣದ ಆಸೆಯಿಲ್ಲದವನಿಗೆ ಫಿದ್ಯದ ದಾರಿಯಿದೆ. ನೀರು ತಾಗಬಾರದೆಂದು ವೈದ್ಯರು ಹೇಳಿದರೆ ತಯಮ್ಮುಮ್ ಇದೆ. ನಿಲ್ಲಲಾಗದಿದ್ದರೆ ಕುಳಿತು, ಕೂರಲಾಗದಿದ್ದರೆ ಮಲಗಿ ನಮಾಝ್ ನಿರ್ವಹಿಸಬಹುದು. ಬಿಳಿಕಣಗಳು ಕುಸಿದಿರುವ ದಿನಗಳಲ್ಲಿ ಜನಜಂಗುಳಿ ನಿಮಗೆ ಅಪಾಯಕರ, ಆಗ ಜುಮುಅಃಕ್ಕೆ ಬಾರದೆ ಮನೆಯಲ್ಲೇ ಝುಹ್ರ್ ನಮಾಝ್ ಮಾಡಿ. ಆರೋಗ್ಯವಂತನಾಗಿದ್ದಾಗ ಮಾಡುತ್ತಿದ್ದ ಸತ್ಕರ್ಮಗಳನ್ನು ರೋಗದ ದಿನಗಳಲ್ಲೂ ದಾಸನ ಲೆಕ್ಕದಲ್ಲಿ ಬರೆಯಲಾಗುತ್ತದೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ನಿಮ್ಮ ಲೆಕ್ಕದ ಪುಸ್ತಕ ಮುಚ್ಚಿಲ್ಲ.

ಅಳುವುದು ಸಹನೆಗೆ ವಿರುದ್ಧವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಹ. ಯಅ್‌ಕೂಬ್(ಅ) ಮಗನಿಗಾಗಿ ದುಃಖಿಸಿ ದುಃಖಿಸಿ ಕಣ್ಣು ಬೆಳ್ಳಗಾದವರು. ಆದರೆ ಅವರು ತಮ್ಮ ಅಳಲನ್ನು ಅಲ್ಲಾಹನ ಮುಂದೆ ತೋಡಿಕೊಂಡರು. ಅಲ್ಲಾಹನ ಕುರಿತು ದೂರುವುದು ಬೇರೆ, ಅಲ್ಲಾಹನಲ್ಲಿ ದೂರುವುದು ಬೇರೆ.

ಸಮುದಾಯದ ಹೊಣೆ

ರೋಗಿಗೆ ಸಹನೆಯ ಉಪದೇಶ ಮಾಡುವುದು ಸುಲಭ. ನಮ್ಮ ಪಾಲಿನ ಕೆಲಸವೇನು? ಈ ರೋಗಿಗಳಿಗೆ ಪದೇ ಪದೇ ರಕ್ತ ಮತ್ತು ಪ್ಲೇಟ್‌ಲೆಟ್ ಬೇಕಾಗುತ್ತದೆ. ತೆಗೆದ ಪ್ಲೇಟ್‌ಲೆಟ್‌ಗಳನ್ನು ಸಾಮಾನ್ಯವಾಗಿ ಐದು ದಿನಗಳಿಗಿಂತ ಹೆಚ್ಚು ಇಡಲಾಗುವುದಿಲ್ಲ, ಆದ್ದರಿಂದ ದಾನಿಗಳು ಸದಾ ಬೇಕು. ಒಂದು ಜೀವವನ್ನು ಉಳಿಸಿದವನು ಇಡೀ ಮಾನವಕುಲವನ್ನು ಉಳಿಸಿದಂತೆ ಎಂಬ ಕುರ್‌ಆನಿನ ಬೋಧನೆಯನ್ನು ಭಾಷಣದಲ್ಲಿ ಎಷ್ಟು ಬಾರಿ ಕೇಳಿದ್ದೇವೆ! ಪ್ರತಿಯೊಂದು ಜಮಾಅತ್‌ನಲ್ಲಿ ರಕ್ತದ ಗುಂಪು ಸಹಿತ ಯುವಕರ ಪಟ್ಟಿಯೊಂದನ್ನು ಮಾಡಿಡಲು ಏನು ಕಷ್ಟವಿದೆ?

ಬಿ.ಪಿ.ಎಲ್. ಕಾರ್ಡ್ ಇರುವ ಕುಟುಂಬಗಳಿಗೆ 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಓದುಬರಹ ಬಲ್ಲವರು ಆ ಕಾಗದಪತ್ರಗಳನ್ನು ಸಿದ್ಧಪಡಿಸಿಕೊಟ್ಟರೆ ಅದೂ ಒಂದು ದಾನ. ಯೋಜನೆಯ ಹಣ ಬಸ್ ಚಾರ್ಜಿಗೆ, ಬೆಂಗಳೂರಿನ ಬಾಡಿಗೆ ಕೋಣೆಗೆ, ಕೆಲಸ ಬಿಟ್ಟು ಜೊತೆಗಿರುವ ತಂದೆಯ ಮನೆಯ ಅಕ್ಕಿಗೆ ಸಿಗುವುದಿಲ್ಲ. ಚಿಕಿತ್ಸೆ ನಿಲ್ಲುವುದು ಹೆಚ್ಚಾಗಿ ಇಂತಹ ಸಣ್ಣ ಖರ್ಚುಗಳಲ್ಲೇ. ಝಕಾತ್ ಇರುವುದು ಇಂತಹ ಕಡೆಗಾಗಿ ಅಲ್ಲವೇ?

ಮುಂಬಯಿಯ ಪಾರ್ಸಿ ಮನೆತನದ ಮೆಹರ್‌ಬಾಯಿ ಟಾಟಾ 1931ರಲ್ಲಿ ಲ್ಯುಕೇಮಿಯಾದಿಂದ ತೀರಿಹೋದರು. ಅವರ ಪತಿ ದೊರಾಬ್ಜಿ ಟಾಟಾ ಮರುವರ್ಷವೇ ಈ ರೋಗದ ಸಂಶೋಧನೆಗಾಗಿ ಪತ್ನಿಯ ನೆನಪಿನಲ್ಲಿ ಒಂದು ಟ್ರಸ್ಟ್ ಸ್ಥಾಪಿಸಿದರು. ಅವರ ಹೆಸರಿನ ಇನ್ನೊಂದು ಟ್ರಸ್ಟಿನ ಹಣದಿಂದ 1941ರಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ತೆರೆಯಿತು. ಅದರ ಬಾಗಿಲಲ್ಲಿ ಇಂದು ಎಲ್ಲ ಧರ್ಮಗಳ ಬಡವರು ಸಾಲು ನಿಂತಿದ್ದಾರೆ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕ್ಯಾನ್ಸರ್ ಆಸ್ಪತ್ರೆಗೆ ಸ್ವಾತಂತ್ರ್ಯ ಹೋರಾಟಗಾರ, ಕೇಂದ್ರ ಸಚಿವ ರಫಿ ಅಹ್ಮದ್ ಕಿದ್ವಾಯಿಯವರ ಹೆಸರಿದೆ. ಮದುವೆಯ ಒಂದು ರಾತ್ರಿಗೆ ಲಕ್ಷಗಟ್ಟಲೆ ಸುರಿಯುವ ನಮ್ಮ ಶ್ರೀಮಂತರು ಆಸ್ಪತ್ರೆಯ ಬಳಿ ರೋಗಿಗಳ ಮನೆಯವರು ತಂಗಲು ನಾಲ್ಕು ಕೋಣೆ ಕಟ್ಟಿಸಿದರೆ, ಅವರು ಗೋರಿ ಸೇರಿದ ಮೇಲೂ ಪುಣ್ಯ ಹರಿದು ಬರುತ್ತಿರುತ್ತದೆ.

ರೋಗಿಯನ್ನು ಸಂದರ್ಶಿಸುವುದು ಮಹತ್ವದ ಸತ್ಕರ್ಮ. ತಾನು ರೋಗಿಯಾಗಿದ್ದಾಗ ನೀನೇಕೆ ಸಂದರ್ಶಿಸಲಿಲ್ಲವೆಂದು ಅಲ್ಲಾಹನು ಪುನರುತ್ಥಾನ ದಿನ ಕೇಳುವನೆಂದೂ, ಆ ರೋಗಿಯ ಬಳಿ ಹೋಗಿದ್ದರೆ ಅಲ್ಲಿ ತನ್ನನ್ನು ಕಾಣುತ್ತಿದ್ದೆ ಎನ್ನುವನೆಂದೂ ಹದೀಸಿನಲ್ಲಿದೆ. ಆದರೆ ಕೆಮ್ಮು ನೆಗಡಿ ಇಟ್ಟುಕೊಂಡು ಹೋಗಬೇಡಿ. ಕೈ ತೊಳೆದುಕೊಳ್ಳಿ, ಬೇಗ ಎದ್ದು ಬನ್ನಿ. ಇದೇ ರೋಗದಿಂದ ಸತ್ತವರ ಕಥೆ ಹೇಳಬೇಡಿ. ಆ ಮನೆಯ ಹೆಣ್ಣುಮಕ್ಕಳ ಸಂಬಂಧವನ್ನು ರೋಗದ ಹೆಸರಿನಲ್ಲಿ ಮುರಿಯಬೇಡಿ. ಎಷ್ಟೋ ಮನೆಗಳು ರೋಗವನ್ನು ಮುಚ್ಚಿಡುವುದು ರೋಗಿಗೆ ಹೆದರಿ ಅಲ್ಲ, ನಮಗೆ ಹೆದರಿ.

ಗುಣವಾಗದಿದ್ದರೆ?

ಈ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋದರೆ ನಾವೂ ಮರೆಮಾಚಿದಂತಾಗುತ್ತದೆ. ಕೆಲವರಲ್ಲಿ ಎಲ್ಲ ಮದ್ದುಗಳ ಬಳಿಕವೂ ರೋಗ ಮರಳುತ್ತದೆ. ಅದು ರೋಗಿಯ ಸೋಲಲ್ಲ, ಅವನ ವಿಶ್ವಾಸದ ಕೊರತೆಯೂ ಅಲ್ಲ. ಆಗ ನೋವು ಕಡಿಮೆ ಮಾಡುವ ಮದ್ದನ್ನು ಕೇಳಿ ಪಡೆಯುವುದು ರೋಗಿಯ ಹಕ್ಕು. ಆಗಲೂ ಸತ್ಯ ತಿಳಿದಿರುವುದು ಅವನಿಗೆ ಒಂದು ಅನುಗ್ರಹ. ಕೊಡಬೇಕಾದ ಸಾಲವನ್ನು ಹೇಳಬಹುದು. ಮುನಿದ ಗೆಳೆಯನನ್ನು ಕರೆಸಿ ಕ್ಷಮೆ ಕೇಳಬಹುದು. ಬಿಟ್ಟುಹೋದ ನಮಾಝನ್ನು ಪೂರ್ತಿಗೊಳಿಸಬಹುದು. ತಂಗಿಯ ಓದಿನ ಬಗ್ಗೆ ಒಂದು ಮಾತು ಹೇಳಬಹುದು. ಹೊರಡುವ ಗಳಿಗೆ ಹತ್ತಿರವಾಗಿರುವುದನ್ನು ಪ್ರಯಾಣಿಕನಿಗೇ ತಿಳಿಸದೆ, ಅವನು ಕೈಚೀಲವನ್ನೂ ಸಿದ್ಧಪಡಿಸದಂತೆ ಮಾಡುವುದು ಯಾವ ಪ್ರೀತಿ?

ಸಹೋದರ ಸಹೋದರಿಯರೇ, ನಿಮ್ಮ ಮನೆಯಲ್ಲಿ ಇಂತಹ ಮಗುವಿದ್ದರೆ ಇಂದೇ ಹತ್ತಿರ ಕೂರಿಸಿಕೊಳ್ಳಿ. ಎಳೆಯ ಮಗುವಾದರೆ ಅದಕ್ಕೆ ಅರ್ಥವಾಗುವಷ್ಟು, ಬೆಳೆದವನಾದರೆ ಅವನು ಕೇಳಿದಷ್ಟು ತಿಳಿಸಿ. ಗೊತ್ತಿಲ್ಲದ್ದನ್ನು ವೈದ್ಯರಿಂದ ಜೊತೆಯಾಗಿ ಕೇಳಿ. ಅಳು ಬಂದರೆ ಜೊತೆಯಾಗಿ ಅತ್ತುಬಿಡಿ. ಆಮೇಲೆ ಮುಂದಿನ ಚಿಕಿತ್ಸೆಯ ದಿನಾಂಕವನ್ನು ಜೊತೆಯಾಗಿ ಗುರುತು ಹಾಕಿಕೊಳ್ಳಿ.

ಪ್ರಭೂ, ರೋಗದಿಂದ ಬಳಲುತ್ತಿರುವ ನಮ್ಮ ಯುವಕ ಯುವತಿಯರಿಗೆ ಸಂಪೂರ್ಣ ಗುಣವನ್ನು ದಯಪಾಲಿಸು. ಅವರ ತಂದೆ ತಾಯಂದಿರಿಗೆ ಸತ್ಯವನ್ನು ಹೇಳುವ ಧೈರ್ಯವನ್ನೂ ಜೊತೆಗೆ ನಿಲ್ಲುವ ಶಕ್ತಿಯನ್ನೂ ಕೊಡು. ಅವರನ್ನು ಶುಶ್ರೂಷೆ ಮಾಡುವ ಕೈಗಳಲ್ಲಿ ಸಮೃದ್ಧಿಯನ್ನಿರಿಸು. ಅವರ ನೆರೆಹೊರೆಯವರಾದ ನಮ್ಮನ್ನು ಅವರಿಗೆ ಭಾರವಾಗಿಸದೆ ಆಸರೆಯಾಗಿಸು. ಆಮೀನ್.